ನೀರು ಇಳಿದ ಮೇಲೆ ಮನೆಯ ಹಿರಿಯರನ್ನು ನೋಡಿಕೊಳ್ಳುವುದು ಹೇಗೆ?

2005ರ ಜುಲೈ 26, ಮಂಗಳವಾರ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಬಿದ್ದಿರಲಿಲ್ಲ. ಹಾಗಾಗಿ ಕೊಲಾಬಾ ಪಕ್ಕದ ಫೋರ್ಟ್‌ನಲ್ಲಿ ಕೆಲಸಕ್ಕೆ ಹೋಗಿದ್ದ ನಮಗೆ ಸಾಂತಾಕ್ರೂಜ್ ಹತ್ತಿರದ ಕಲೀನಾದಲ್ಲಿ ಏನಾಗುತ್ತಿದೆ ಎಂದು ಗೊತ್ತೇ ಆಗಲಿಲ್ಲ. ಅಲ್ಲಿ ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ವಠಾರದ, ನೆಲಮಹಡಿಯ ಖೋಲಿಯಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇದ್ದರು. ಆಗ ಅವರಿಗೆ 70 ವರ್ಷ. ಮೀಠಿ ನದಿ ಉಕ್ಕಿ ಖೋಲಿಯೊಳಗೆ ಎದೆಮಟ್ಟ ನೀರು ಬಂದಾಗ ಮೇಲಿನ ಮನೆಯ ಮರಾಠಿ ಹುಡುಗರು ಅವರನ್ನು ಎತ್ತಿಕೊಂಡು ಹೋಗಿ ಉಳಿಸಿದರು. ಮರುದಿನ ಸಂಜೆ ನಾನೂ ನನ್ನ ತಮ್ಮನೂ ನಡೆದುಕೊಂಡೇ ಅಲ್ಲಿಗೆ ಹೋಗಿ ಮುಟ್ಟಿದೆವು.

ದೊಡ್ಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದರು. ಮೂರು ದಿನ ಸರಿಯಾಗಿ ಏನೂ ತಿನ್ನಲಿಲ್ಲ. ವಡಾಪಾವ್, ಬಿಸ್ಕೆಟ್, ಒಣ ಚಪಾತಿ ಹಂಚುತ್ತಿದ್ದರು. ಅವರು ಇಸಿದುಕೊಂಡು ಪಕ್ಕಕ್ಕೆ ಇಡುತ್ತಿದ್ದರು. ಮನೆ ಹೋದ ದುಃಖ, ಪಾಪ, ಅಂದುಕೊಂಡೆವು. ನಾಲ್ಕನೇ ದಿನ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮಗಾ, ನನ್ನ ಹಲ್ಲಿನ ಸೆಟ್ಟು ಎಲ್ಲಾದರೂ ಸಿಕ್ಕಿತಾ?"

ಮೋರಿಯ (ಖೋಲಿಯೊಳಗಿನ ಬಚ್ಚಲಿನ) ಕಟ್ಟೆಯ ಮೇಲೆ ಲೋಟದಲ್ಲಿಟ್ಟಿದ್ದ ಸೆಟ್ಟು ನೀರಿನ ಜೊತೆ ಹೋಗಿತ್ತು. ಹಲ್ಲಿಲ್ಲದೆ ಅವರು ಉಪವಾಸ ಇದ್ದರು. ಹೇಳಿಕೊಳ್ಳಲು ನಾಚಿಕೆ. ಇಷ್ಟು ಜನ ಪ್ರಾಣ ಕಳೆದುಕೊಂಡಿರುವಾಗ ಹಲ್ಲು ಕೇಳುವುದು ಹೇಗೆ ಎಂಬ ಸಂಕೋಚ ಬೇರೆ. ಅದರ ನಡುವೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದರು. ಮೂರನೇ ರಾತ್ರಿ ಮೈಯೆಲ್ಲ ಬೆವೆತು ಕೈ ನಡುಗಿದಾಗ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಸಕ್ಕರೆ ನೀರು ಕುಡಿಸಿದ್ದರಿಂದ ಬದುಕಿಕೊಂಡರು.

ಅಂದಿನಿಂದ ಪ್ರತಿ ಮಳೆಗಾಲದಲ್ಲೂ ನಮ್ಮ ಭಜನಾ ಮಂಡಳಿಯ ನಾಲ್ಕೈದು ಜನ ಸೇರಿ ನೀರು ನುಗ್ಗಿದ ಕಡೆ ನಮ್ಮ ಕನ್ನಡದವರ ಮನೆಗಳಿಗೆ ಹೋಗಿ ಬರುತ್ತೇವೆ. ಕುರ್ಲಾ, ಕಲೀನಾ, ಸಾಯನ್ ಅಂತ ಸುತ್ತುತ್ತೇವೆ, ಒಮ್ಮೊಮ್ಮೆ ಬದ್ಲಾಪುರದ ತನಕವೂ. ಅಲ್ಲೆಲ್ಲ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಐದನ್ನು ವಿಚಾರಿಸಿ

ಹಲ್ಲಿನ ಸೆಟ್ಟು, ಕನ್ನಡಕ, ಕಿವಿಯ ಮಶೀನು, ಊರುಗೋಲು, ಚಪ್ಪಲಿ. ಹಿರಿಯರ ಹತ್ತಿರ ಹೋದ ಕೂಡಲೇ ಇವು ಇವೆಯೇ ಎಂದು ಕೇಳಿ. "ಏನಾದರೂ ಬೇಕಾ?" ಅಂತ ಕೇಳಿದರೆ "ಏನೂ ಬೇಡ ಮಗಾ, ನೀವೆಲ್ಲ ಬಂದಿರಲ್ಲ, ಸಾಕು" ಅನ್ನುತ್ತಾರೆ. ಒಂದೊಂದರ ಹೆಸರು ಹೇಳಿಯೇ ಕೇಳಬೇಕು. ಅದೂ ನಾಲ್ಕು ಜನರ ಎದುರಿಗೆ ಬೇಡ, ಪಕ್ಕದಲ್ಲಿ ಕೂತು ಕೇಳಿ.

ಪರಿಹಾರದ ಪಟ್ಟಿಯಲ್ಲಿ ಅಕ್ಕಿ, ಚಾದರ, ಬಾಲ್ದಿ ಇರುತ್ತವೆ. ಕನ್ನಡಕ ಇರುವುದಿಲ್ಲ. ಆದರೆ ಕನ್ನಡಕ ಇಲ್ಲದಿದ್ದರೆ ಅವರಿಗೆ ಮಾತ್ರೆಯ ಹೆಸರು ಓದಲಾಗುವುದಿಲ್ಲ, ಕೆಸರಿನಲ್ಲಿ ಮೆಟ್ಟಿಲು ಕಾಣುವುದಿಲ್ಲ. ಹಳೇ ನಂಬರಿನ ಚೀಟಿ ಕನ್ನಡಕದ ಅಂಗಡಿಯವರ ಹತ್ತಿರ ಇರಬಹುದು, ಫೋನ್ ಮಾಡಿ ನೋಡಿ. ಅದು ಸಿಗುವ ತನಕ ಹತ್ತಿರದ್ದನ್ನು ಓದಲು ಸಿದ್ಧ ಕನ್ನಡಕ ಕೊಡಿಸಬಹುದು, ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕಿವಿಯ ಮಶೀನು ಒದ್ದೆಯಾಗಿದ್ದರೆ ಚಾಲೂ ಮಾಡಬೇಡಿ. ಸೆಲ್ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ರಿಪೇರಿಗೆ ಕೊಡಿ. ಹೊಸ ಹಲ್ಲಿನ ಸೆಟ್ಟಿಗೆ ಕೆಲವು ವಾರ ಬೇಕು. ಅಲ್ಲಿಯ ತನಕ ಗಂಜಿ, ಮೆತ್ತಗಿನ ಅನ್ನ ತಿಳಿಸಾರು, ರಾಗಿ ಅಂಬಲಿ, ಬಾಳೆಹಣ್ಣು. ಹಂಚುವವರಿಗೆ ಇದನ್ನು ಹೇಳಿಬಿಡಿ. "ಈ ಮನೆಗೆ ವಡಾಪಾವ್ ಬೇಡ, ಖಿಚಡಿ ಕೊಡಿ" ಎಂದರೆ ಯಾರೂ ಬೇಸರ ಮಾಡುವುದಿಲ್ಲ.

ಮಾತ್ರೆಗಳು

ನೆರೆ ನೀರು ತಾಗಿದ ಔಷಧ ಎಸೆಯಬೇಕು. ಆದರೆ ಎಸೆಯುವ ಮುಂಚೆ ಪ್ರತಿ ಸ್ಟ್ರಿಪ್ಪಿನ, ಬಾಟಲಿಯ ಫೋಟೊ ತೆಗೆದುಕೊಳ್ಳಿ. ಹೆಸರು, ಎಷ್ಟು ಎಂಜಿ ಎರಡೂ ಕಾಣಬೇಕು. "ಬಿಳಿ ಮಾತ್ರೆ ಬೆಳಗ್ಗೆ, ಕೆಂಪು ಮಾತ್ರೆ ರಾತ್ರಿ" ಎಂದಷ್ಟೇ ಗೊತ್ತಿರುವವರು ಜಾಸ್ತಿ. ಚೀಟಿಯೂ ಹೋಗಿದ್ದರೆ ಅವರು ಯಾವಾಗಲೂ ತೆಗೆದುಕೊಳ್ಳುವ ಮೆಡಿಕಲ್‌ನವರ ಹತ್ತಿರ ಹಳೇ ಬಿಲ್ ಕೇಳಿ. ಬಿಪಿ, ಸಕ್ಕರೆ, ಹೃದಯ, ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡುವ ಮಾತ್ರೆ, ಇವು ಒಂದು ದಿನವೂ ತಪ್ಪಬಾರದು. ಮಂಡಿನೋವಿನ ಎಣ್ಣೆ, ಟಾನಿಕ್ ನಾಳೆ ತಂದರೂ ನಡೆಯುತ್ತದೆ.

ಸಕ್ಕರೆ ಕಾಯಿಲೆ ಇದ್ದವರ ವಿಷಯದಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಬೇಕು: ಮಾತ್ರೆ ನುಂಗಿದ ಮೇಲೆ ಊಟ ಮಾಡಿದಿರಾ? ಊಟ ಇಲ್ಲದೆ ಮಾತ್ರೆಯೋ ಇನ್ಸುಲಿನ್ನೋ ಒಳಗೆ ಹೋದರೆ ಸಕ್ಕರೆ ದಿಢೀರನೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲುವುದು ಕಂಡರೆ, ಎಚ್ಚರ ಇದ್ದು ನುಂಗಲು ಆಗುವಂತಿದ್ದರೆ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಕರೆಂಟ್ ಇಲ್ಲ, ಫ್ರಿಜ್ ಇಲ್ಲ, ಇನ್ಸುಲಿನ್ ಏನು ಮಾಡುವುದು? ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರದ ತನಕ ಫ್ರಿಜ್ಜಿನ ಹೊರಗೂ ಇರುತ್ತದೆ, ಬಿಸಿಲು ಮತ್ತು ಸೆಕೆ ತಾಗಬಾರದು ಅಷ್ಟೇ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಣ್ಣಿನ ಮಡಕೆಯೊಳಗಿಟ್ಟು, ಮಡಕೆಯ ಸುತ್ತ ಒದ್ದೆ ಬಟ್ಟೆ ಸುತ್ತಿ. ಬರ್ಫದ (ಐಸಿನ) ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಡಯಾಲಿಸಿಸ್ ಇರುವವರು, ಮನೆಯಲ್ಲೇ ಆಕ್ಸಿಜನ್ ತೆಗೆದುಕೊಳ್ಳುವವರು ಇದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಆಸ್ಪತ್ರೆಗೆ ಫೋನ್ ಹಚ್ಚಿ.

ಕಾಲನ್ನು ಕೈಯಿಂದ ಮುಟ್ಟಿ ನೋಡಿ

ಇದನ್ನು ನಾನು ಒತ್ತಿ ಹೇಳುತ್ತೇನೆ. ಮುಂಬಯಿಯ ನೆರೆ ನೀರು ಅಂದರೆ ಗಟಾರದ ನೀರು, ಇಲಿ ಮೂತ್ರ ಬೆರೆತ ನೀರು. ಅದರಿಂದ ಲೆಪ್ಟೊ ಜ್ವರ ಬರುತ್ತದೆ. 2005ರ ನೆರೆಯ ಮೇಲೂ ಅದು ಹರಡಿತ್ತು. ಕಾಲಿನ ಸಣ್ಣ ಗಾಯ, ಒಡೆದ ಹಿಮ್ಮಡಿ, ಬೆರಳ ಸಂದಿಯ ಕೆಸರುಹುಣ್ಣು ಇಷ್ಟು ಸಾಕು, ರೋಗಾಣು ಒಳಗೆ ಹೋಗಲು.

ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ. ಗಾಜು ಚುಚ್ಚಿದ್ದೂ ಗೊತ್ತಾಗುವುದಿಲ್ಲ. "ಏನೂ ಆಗಿಲ್ಲ" ಎಂದು ಅವರು ಹೇಳುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ತಿಳಿದಿರುವುದಿಲ್ಲ. ಹಾಗಾಗಿ ಒಂದು ಬಾಲ್ದಿ ಒಳ್ಳೆಯ ನೀರು, ಸಾಬೂನು, ಟವೆಲ್ ತೆಗೆದುಕೊಂಡು ಅವರ ಎದುರು ನೆಲದ ಮೇಲೆ ಕೂತುಕೊಳ್ಳಿ. ನೀರು ಬಿಸಿ ಇದ್ದರೆ ಮೊದಲು ನಿಮ್ಮ ಮೊಣಕೈಗೆ ತಾಗಿಸಿ ನೋಡಿ. ಒಂದೊಂದೇ ಬೆರಳು ಬಿಡಿಸಿ ತೊಳೆಯಿರಿ. ಅಂಗಾಲು, ಹಿಮ್ಮಡಿ, ಉಗುರಿನ ಬುಡ ಟಾರ್ಚ್ ಹಿಡಿದು ನೋಡಿ. ಬೆರಳ ಸಂದಿಯನ್ನು ಪೂರ್ತಿ ಒರೆಸಿ ಒಣಗಿಸಿ. ಕಾಲು ಮುಟ್ಟಿಸಿಕೊಳ್ಳಲು ಮೊದಲು ಮುಜುಗರ ಪಡುತ್ತಾರೆ. ಆಮೇಲೆ ಅದೇ ಹೊತ್ತಿಗೆ ಮಾತು ಬಿಚ್ಚಿಕೊಳ್ಳುತ್ತದೆ. ಆ ರಾತ್ರಿ ಏನಾಯಿತೆಂದು ದೊಡ್ಡಮ್ಮ ಪೂರ್ತಿ ಹೇಳಿದ್ದು ನಾನು ಅವರ ಕಾಲು ಒರೆಸುತ್ತಿದ್ದಾಗ.

ಗಾಯ ಇದ್ದರೆ ಟಿಟಿ (ಧನುರ್ವಾಯು ತಡೆಯುವ) ಇಂಜೆಕ್ಷನ್ ಬಗ್ಗೆ ಕೇಳಿ. ಗಾಯ ಇಲ್ಲದಿದ್ದರೂ ನೆರೆ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಲೆಪ್ಟೊ ಬರದಂತೆ ತಡೆಯುವ ಮಾತ್ರೆ ಕೇಳಬೇಕು ಎಂದು ಪಾಲಿಕೆ ಪ್ರತಿ ಮಳೆಗಾಲ ಹೇಳುತ್ತದೆ. ಪಾಲಿಕೆಯ ದವಾಖಾನೆಯಲ್ಲಿ, ಆಪ್ಲಾ ದವಾಖಾನಾ ಎಂಬ ಸರಕಾರಿ ಚಿಕಿತ್ಸಾಲಯದಲ್ಲಿ ತೋರಿಸಬಹುದು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಡಾಕ್ಟರಿಗೆ ಹೇಳಿ, ಅವರೇ ನಿರ್ಧರಿಸಲಿ. ಕೊಟ್ಟರೆ ಹಿರಿಯರನ್ನು ಕೂರಿಸಿ, ದೊಡ್ಡ ಲೋಟ ನೀರಿನ ಜೊತೆ ನುಂಗಿಸಿ, ತಕ್ಷಣ ಮಲಗಲು ಬಿಡಬೇಡಿ. ಆ ಮಾತ್ರೆ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ.

ನೀರು ಇಳಿದು ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಗಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವಾಗಿಯೇ ಕೊಡಬೇಡಿ. ಲೆಪ್ಟೊ, ಡೆಂಗಿ ಎರಡರಲ್ಲೂ ಅದು ಅಪಾಯ.

ನೀರು ಕುಡಿಯದೇ ಇರುವುದಕ್ಕೆ ಕಾರಣ ಪಾಯಿಖಾನೆ

ಪಾಲಿಕೆ ಶಾಲೆಯಲ್ಲಿ ಜನರನ್ನು ಇಳಿಸಿದಾಗ ನೋಡಿದ್ದೇನೆ. ಅಜ್ಜಿಯಂದಿರು ಲೋಟಕ್ಕೆ ತುಟಿ ತಾಗಿಸಿ ಇಟ್ಟುಬಿಡುತ್ತಾರೆ. ಪಾಯಿಖಾನೆ ದೂರ, ಕತ್ತಲು, ನೆಲ ಜಾರುತ್ತದೆ, ಕುಕ್ಕರಗಾಲಲ್ಲಿ ಕೂತರೆ ಏಳಲಾಗುವುದಿಲ್ಲ. ಕುಡಿಯದಿದ್ದರೆ ಹೋಗುವುದೂ ಬೇಡ ಎಂಬ ಲೆಕ್ಕ. ಎರಡು ದಿನದಲ್ಲಿ ಬಾಯಿ ಒಣಗಿ, ಮೂತ್ರ ಗಾಢ ಹಳದಿಯಾಗಿ, ತಲೆ ತಿರುಗಿ ಬೀಳುತ್ತಾರೆ.

"ಅಮ್ಮ, ನೀರು ಕುಡಿಯಿರಿ" ಎಂದು ಹತ್ತು ಸಲ ಹೇಳುವುದಕ್ಕಿಂತ ಅವರ ಹಾಸಿಗೆಯನ್ನು ಪಾಯಿಖಾನೆಯ ಹತ್ತಿರದ ಕೋಣೆಗೆ ಬದಲಿಸಿ. ನೆಲದ ಮೇಲೆ ಮಲಗಿಸಬೇಡಿ, ಶಾಲೆಯ ಎರಡು ಬೆಂಚು ಜೋಡಿಸಿದರೆ ಮಂಚವಾಗುತ್ತದೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಪಾಯಿಖಾನೆಯ ಮೇಲೆ ಇಡಬಹುದು. ಕೊರೆದ ಅಂಚು ನುಣುಪಾಗಿರಲಿ, ಕುರ್ಚಿ ಅಲುಗಾಡದಿರಲಿ. ರಾತ್ರಿಗೆ ಟಾರ್ಚ್ ಕೊಡಿ. ರಾತ್ರಿ ಯಾರನ್ನು ಎಬ್ಬಿಸಬೇಕು ಎಂದು ಒಬ್ಬರ ಹೆಸರು ಹೇಳಿಡಿ, "ಯಾರನ್ನಾದರೂ ಕರೆಯಿರಿ" ಅಂದರೆ ಯಾರನ್ನೂ ಕರೆಯುವುದಿಲ್ಲ. ದೊಡ್ಡವರ ಡಯಾಪರ್ ಬೇಕಾದವರೂ ಇರುತ್ತಾರೆ. ಅದನ್ನು ಕಾಗದದಲ್ಲಿ ಸುತ್ತಿ, ಸದ್ದಿಲ್ಲದೆ ಕೈಗೆ ಕೊಡಿ.

ಕುಡಿಯುವ ನೀರನ್ನು ಕೊತಕೊತ ಕುದಿಸಿ ಆರಿಸಿಯೇ ಕೊಡಿ. ಸೊಸೈಟಿಯ ಕೆಳಗಿನ ನೀರಿನ ಟ್ಯಾಂಕಿಗೆ ನೆರೆ ನೀರು ಹೋಗಿದ್ದರೆ ಅದನ್ನು ತೊಳೆಸುವ ತನಕ ಆ ನಲ್ಲಿ ನೀರು ಬೇಡವೇ ಬೇಡ. ಭೇದಿ ಆದರೆ ಓಆರ್‌ಎಸ್ ಕೊಡಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಎಷ್ಟು ಕೊಡಬಹುದೆಂದು ಡಾಕ್ಟರನ್ನು ಕೇಳಿ.

ಇದ್ದಕ್ಕಿದ್ದಂತೆ ಗಲಿಬಿಲಿ ಆದರೆ

ನಿನ್ನೆ ತನಕ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಮಗಳನ್ನು ಗುರುತು ಹಿಡಿಯುವುದಿಲ್ಲ, ಊರಿನ ತೋಟದಲ್ಲಿ ಇದ್ದೇನೆ ಅನ್ನುತ್ತಾರೆ, ಅಥವಾ ಇಡೀ ದಿನ ಮಂಕಾಗಿ ಮಲಗಿರುತ್ತಾರೆ. ಇದನ್ನು "ಶಾಕ್ ಆಗಿದೆ, ವಯಸ್ಸಾಯಿತಲ್ವಾ" ಎಂದು ಬಿಡಬೇಡಿ. ಒಂದೆರಡು ದಿನದೊಳಗೆ ಶುರುವಾದ ಗಲಿಬಿಲಿಗೆ ಮೈಯಲ್ಲೇ ಕಾರಣ ಇರುವುದು ಹೆಚ್ಚು. ನೀರಿನಂಶ ಕಡಿಮೆ, ಸಕ್ಕರೆ ಇಳಿದದ್ದು, ಸೋಡಿಯಂ ಇಳಿದದ್ದು, ಮೂತ್ರದ ಸೋಂಕು, ನ್ಯುಮೋನಿಯಾ, ತಪ್ಪಿದ ಮಾತ್ರೆ, ಬಿದ್ದು ತಲೆಗೆ ಪೆಟ್ಟು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೊದಲೇ ಮರೆವಿನ ಕಾಯಿಲೆ ಇದ್ದವರದು ಬೇರೆ ಕಷ್ಟ. ಐವತ್ತು ವರ್ಷ ಮುಂಬಯಿಯಲ್ಲಿ ಹಿಂದಿ, ಮರಾಠಿ ಆಡಿದವರೂ ಹೆದರಿಕೆಯಲ್ಲಿ ಬರೀ ಕನ್ನಡಕ್ಕೋ ತುಳುವಿಗೋ ಮರಳಿಬಿಡುತ್ತಾರೆ. ಶಿಬಿರದ ನರ್ಸ್ ಏನು ಕೇಳಿದರೂ ಸುಮ್ನೆ ನೋಡುತ್ತಾರೆ. ಆಗ ನಮ್ಮ ಭಾಷೆ ಬರುವ ಒಬ್ಬರು ಪಕ್ಕದಲ್ಲಿ ಇರಬೇಕು. ಒಂದು ದಪ್ಪ ಕಾಗದದಲ್ಲಿ ಹೆಸರು, ವಯಸ್ಸು, ಕಾಯಿಲೆ, ಮಾತ್ರೆ, ಮನೆಯವರ ಫೋನ್ ನಂಬರ್, "ಇವರಿಗೆ ಕನ್ನಡ ಮಾತ್ರ ಅರ್ಥವಾಗುತ್ತದೆ" ಎಂಬ ಮಾತು, ಎಲ್ಲವನ್ನೂ ಮರಾಠಿಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಪಿನ್ ಮಾಡಿ.

ಖೋಲಿಗೆ ಮರಳುವ ದಿನ

ಮೊದಲು ನೀವು ಹೋಗಿ, ಅವರು ಆಮೇಲೆ ಬರಲಿ. ಮೀಟರ್ ಬಾಕ್ಸಿಗೆ ನೀರು ಹೋಗಿದ್ದರೆ ಇಲೆಕ್ಟ್ರಿಷನ್ ನೋಡುವ ತನಕ ಮೇನ್ ಸ್ವಿಚ್ ಮುಟ್ಟಬೇಡಿ. ಗ್ಯಾಸ್ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ. ಸ್ವಚ್ಛ ಮಾಡುವಾಗ ಬ್ಲೀಚಿಂಗ್ ಪುಡಿಯನ್ನೂ ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಉಬ್ಬಸ ಇದ್ದವರು ಆ ದಿನ ಹೊರಗೇ ಇರಲಿ. ಒದ್ದೆಯಾದ ಹತ್ತಿ ಗಾದಿಯ ಮೇಲೆ ಆಸೆ ಬೇಡ.

ಇನ್ನು ಸಾಮಾನಿನ ವಿಷಯ. ನಮ್ಮಂಥವರು ಉತ್ಸಾಹದಲ್ಲಿ ಮಾಡುವ ದೊಡ್ಡ ತಪ್ಪು ಇಲ್ಲೇ ಆಗುವುದು. ಅವರನ್ನು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿ. ಒಂದೊಂದೇ ಸಾಮಾನು ಎತ್ತಿ ತೋರಿಸಿ. ಇಡುವುದು, ಎಸೆಯುವುದು, ಆಮೇಲೆ ನೋಡುವುದು ಅಂತ ಮೂರು ರಾಶಿ ಮಾಡಿ. ನಿಮಗೆ ಕಸ ಅನಿಸಿದ್ದನ್ನೂ ಕೇಳಿಯೇ ಎಸೆಯಿರಿ. ಎರಡು ಗಂಟೆಯ ಕೆಲಸ ಎರಡು ದಿನ ಆಗುತ್ತದೆ, ಆಗಲಿ.

ನಾವು ಕೇಳಲಿಲ್ಲ. ದೊಡ್ಡಪ್ಪ ಪರೇಲಿನ ಗಿರಣಿಯೊಂದರಲ್ಲಿ ಕೆಲಸ ಮಾಡಿದವರು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಅವರ ಹಾಜರಿ ಕಾರ್ಡು, ಪಿಎಫ್ ಚೀಟಿ, ಇಎಸ್ಐ ಕಾರ್ಡು ಇದ್ದವು. ಎಲ್ಲ ಕೆಸರಿನ ಮುದ್ದೆಯಾಗಿತ್ತು. ಸತ್ತವರ ಕಾಗದ ಇನ್ನೇಕೆ ಎಂದು ನಾವೇ ಗೋಣಿಚೀಲಕ್ಕೆ ತುಂಬಿದೆವು. ಕೆಲವು ವರ್ಷದ ಮೇಲೆ ಹಳೇ ಗಿರಣಿ ಕಾರ್ಮಿಕರಿಗೆ, ಅವರ ಮನೆಯವರಿಗೆ ಮ್ಹಾಡಾ (ರಾಜ್ಯದ ವಸತಿ ಮಂಡಳಿ) ಮನೆ ಕೊಡುವ ಯೋಜನೆಗೆ ಅರ್ಜಿ ಕರೆದರು. ಪುರಾವೆಯಾಗಿ ಕೇಳಿದ್ದು ಅಂಥವೇ ಕಾಗದ. ದೊಡ್ಡಮ್ಮ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಒದ್ದೆ ಕಾಗದ ಉಳಿಸುವ ಬಗೆ

ಮುದ್ದೆಯಾದ ಕಾಗದವೂ ಎಷ್ಟೋ ಸಲ ಉಳಿಯುತ್ತದೆ. ಅಂಟಿಕೊಂಡ ಹಾಳೆಗಳನ್ನು ಒದ್ದೆ ಇದ್ದಾಗಲೇ ಎಳೆದು ಬಿಡಿಸಬೇಡಿ. ಕೆಸರಿದ್ದರೆ ಅಗಲ ತಟ್ಟೆಯಲ್ಲಿ ತಣ್ಣೀರು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ. ಶಾಯಿಯಲ್ಲಿ ಬರೆದದ್ದನ್ನು ಅದ್ದಬೇಡಿ, ಕರಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಕೆಳಗೆ ಬಿಳಿ ಬಟ್ಟೆ ಹಾಸಿ ಹರಡಿ. ಪಾಸ್‌ಬುಕ್ಕಿನ ಪುಟಗಳ ನಡುವೆ ಅಕ್ಷರವಿಲ್ಲದ ಕಾಗದ ಇಟ್ಟು ಗಂಟೆಗೊಮ್ಮೆ ಬದಲಿಸಿ. ಬಿಸಿಲಿಗೂ ಇಸ್ತ್ರಿಗೂ ಹಾಕಬೇಡಿ. ತುಂಬಾ ಕಾಗದ ಇದ್ದು ಎರಡು ದಿನದೊಳಗೆ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಾರ ಮನೆಯ ಫ್ರೀಜರಿನಲ್ಲಾದರೂ ಇಡಿ. ಬೂಷ್ಟು ಹಿಡಿಯುವುದಿಲ್ಲ, ಪುರುಸೊತ್ತಿದ್ದಾಗ ಸ್ವಲ್ಪ ಸ್ವಲ್ಪವಾಗಿ ತೆಗೆದು ಒಣಗಿಸಬಹುದು.

ಮದುವೆಯ ಫೋಟೊ, ತೀರಿಹೋದವರ ಫೋಟೊಗಳಿಗೂ ಇದೇ ಆರೈಕೆ ಬೇಕು. ತಣ್ಣೀರಿನಲ್ಲಿ ತೊಳೆದು, ಚಿತ್ರದ ಮುಖ ಮೇಲೆ ಮಾಡಿ, ಒಂದರ ಮೇಲೊಂದು ತಾಗದಂತೆ ಹರಡಿ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಪಂಚನಾಮೆ, ಬ್ಯಾಂಕು, ಮೋಸ

ತೊಳೆಯುವ ಮುಂಚೆಯೇ ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಹಾಳಾದ ಸಾಮಾನು, ಮನೆ ನಂಬರ್ ಎಲ್ಲ ಕಾಣಲಿ. ಸರಕಾರಿ ಪರಿಹಾರಕ್ಕೆ ಪಂಚನಾಮೆ, ಅಂದರೆ ಹಾನಿಯನ್ನು ಕಂಡು ಬರೆದ ಕಾಗದ, ಬೇಕು. ತಲಾಠಿಯವರು (ಕಂದಾಯ ಇಲಾಖೆಯವರು) ಬರುವ ದಿನ ಹಿರಿಯರು ಮನೆಯಲ್ಲಿ ಇಲ್ಲದಿದ್ದರೆ ಹೆಸರೇ ಬಿಟ್ಟುಹೋಗುತ್ತದೆ. ಹಾಗಾಗಿ ಚಾಳಿನ ಒಬ್ಬರಿಗೆ ಹೇಳಿಡಿ, ನಿಮ್ಮ ನಂಬರ್ ಕೊಟ್ಟಿಡಿ. ಪರಿಹಾರದ ಹಣ ಅವರದೇ ಖಾತೆಗೆ ಬರುವಂತೆ ನೋಡಿ.

ಆಧಾರ್ ಹೋಗಿದ್ದರೆ ಗಾಬರಿ ಬೇಡ, ಆನ್‌ಲೈನಿನಲ್ಲಿ ಇಳಿಸಿಕೊಂಡ ಇ-ಆಧಾರಿಗೂ ಅಷ್ಟೇ ಬೆಲೆ. ಆದರೆ ಒಟಿಪಿ ಬರಲು ಸಿಮ್ ಬೇಕಲ್ವಾ? ಫೋನು ನೀರಿಗೆ ಬಿದ್ದಿದ್ದರೆ ಮೊದಲು ಅದೇ ನಂಬರಿನ ಸಿಮ್ ಮಾಡಿಸಿ. 70 ದಾಟಿದವರಿಗೆ ಬ್ಯಾಂಕುಗಳು ಮನೆಬಾಗಿಲಿಗೇ ಸೇವೆ ಕೊಡಲು ಪ್ರಯತ್ನಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ, ಕೇಳಿ ನೋಡಿ. 2024ರ ಅಕ್ಟೋಬರಿನಿಂದ 70 ತುಂಬಿದ ಎಲ್ಲರಿಗೂ ಆದಾಯ ನೋಡದೆ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಆಸ್ಪತ್ರೆಯ ಚಿಕಿತ್ಸೆ ಇದೆ. ಕಾರ್ಡ್ ಮಾಡಿಸಿರದಿದ್ದರೆ ಇದೇ ನೆಪದಲ್ಲಿ ಮಾಡಿಸಿಬಿಡಿ.

ಇದೇ ಹೊತ್ತಿನಲ್ಲಿ ಮೋಸದ ಫೋನುಗಳೂ ಬರುತ್ತವೆ. "ಪರಿಹಾರದ ಹಣ ಬಂದಿದೆ, ಒಟಿಪಿ ಹೇಳಿ" ಅನ್ನುತ್ತಾರೆ. ಹೇಳಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಹಳೇ ಚಾಳುಗಳಲ್ಲಿ ಇನ್ನೊಂದು ಭಯ ಇದೆ. ರಿಪೇರಿ, ರೀಡೆವಲಪ್‌ಮೆಂಟ್ ಎಂದು ಹೇಳಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವವರು ಇರುತ್ತಾರೆ. "ಮಗ ಬರಲಿ, ಓದಿಸಿ ಹಾಕುತ್ತೇನೆ" ಎಂಬ ಒಂದೇ ಮಾತನ್ನು ಹಿರಿಯರಿಗೆ ಬಾಯಿಪಾಠ ಮಾಡಿಸಿ.

"ಊರಿಗೆ ಕಳಿಸಿಬಿಡೋಣ"

ಬೆಂಗಳೂರಿನಿಂದಲೋ ದುಬೈಯಿಂದಲೋ ಮಕ್ಕಳ ಫೋನ್ ಬಂದಾಗ ಮೊದಲು ಬರುವ ಮಾತು ಇದು. ಉಡುಪಿಯ ಕಡೆ ಮನೆ ಇದೆ, ತಮ್ಮನವರಿದ್ದಾರೆ, ಟಿಕೆಟ್ ಮಾಡಿಸಿ ಕಳಿಸಿಬಿಡೋಣ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ 40 ವರ್ಷ ಒಂದೇ ಖೋಲಿಯಲ್ಲಿ ಬಾಳಿದವರಿಗೆ ಪಕ್ಕದ ಮನೆಯ ಕಾಕು, ನಲ್ಲಿಯ ಸಾಲು, ಶನಿವಾರದ ಭಜನೆ, ಬೆಳಗ್ಗೆ ಬರುವ ಕರ್ನಾಟಕ ಮಲ್ಲ ಪೇಪರು ಸೇರಿದರೇ ಮನೆ. ಮನೆ ಮುಳುಗಿದ ವಾರದಲ್ಲೇ ಅದೆಲ್ಲವನ್ನೂ ಬಿಡಿಸಿದರೆ ಎರಡು ಸಲ ಮನೆ ಹೋದಂತೆ.

ಕೆಲವರಿಗೆ ನಿಜವಾಗಿಯೂ ಹೋಗಬೇಕು ಅನಿಸುತ್ತದೆ. ಆಗ ಕಳಿಸಿ. ಆದರೆ ಕೇಳಿ ಕಳಿಸಿ, ಮತ್ತು ಯಾವಾಗ ವಾಪಸ್ ಎಂಬ ತಾರೀಖು ಹೇಳಿ ಕಳಿಸಿ. ಸಾಧ್ಯವಾದರೆ ವಾಪಸ್ ಟಿಕೆಟ್ಟನ್ನೂ ಕೈಯಲ್ಲಿಡಿ. ಖೋಲಿಯ ಕೀಲಿಯನ್ನು ಅವರ ಹತ್ತಿರವೇ ಬಿಡಿ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ, ಗುಡ್ಡ ಕುಸಿದರೆ ನಿಂತೂಬಿಡುತ್ತದೆ. ಒಬ್ಬರನ್ನೇ ಹತ್ತಿಸಬೇಡಿ, ಎರಡು ದಿನಕ್ಕೆ ಸಾಕಾಗುವಷ್ಟು ಮಾತ್ರೆ ಕೈಚೀಲದಲ್ಲೇ ಇರಲಿ.

ಮಕ್ಕಳು ಯಾರೂ ಹತ್ತಿರ ಇಲ್ಲದ ಹಿರಿಯರಿಗೆ ದಿನಕ್ಕೆರಡು ಸಲ ಬಾಗಿಲು ತಟ್ಟುವ ಒಬ್ಬರನ್ನು ಗೊತ್ತುಮಾಡಿ. ಹಿರಿಯರ ಸಹಾಯವಾಣಿ 14567 ಇದೆ, ಬೆಳಗ್ಗೆ 8ರಿಂದ ರಾತ್ರಿ 8ರ ತನಕ. ಮುಂಬಯಿ ಪಾಲಿಕೆಯ ವಿಪತ್ತು ವಿಭಾಗದ ನಂಬರ್ 1916. ನಿಮ್ಮ ಕಡೆಯ ಕನ್ನಡ ಸಂಘ, ಜಾತಿ ಸಂಘ, ಭಜನಾ ಮಂಡಳಿ ಯಾವುದಾದರೂ ಸರಿ, ಒಂದು ಫೋನಿಗೆ ಹುಡುಗರು ಬರುತ್ತಾರೆ. ಕೇಳಲು ಸಂಕೋಚ ಬೇಡ.

ಮಾತು, ನಿದ್ದೆ, ಕೆಲಸ

ಒಂದೇ ಕಥೆಯನ್ನು ಹತ್ತು ಸಲ ಹೇಳುತ್ತಾರೆ. ಹನ್ನೊಂದನೇ ಸಲವೂ ಕೇಳಿ. "ಅದನ್ನೇ ಯಾಕೆ ನೆನಸುತ್ತೀರಿ, ಬಿಟ್ಟುಬಿಡಿ" ಅನ್ನಬೇಡಿ. ರಾತ್ರಿ ಮಳೆ ತಗಡಿನ ಮೇಲೆ ಬಡಿದ ಕೂಡಲೇ ಎದ್ದು ಕೂರುತ್ತಾರೆ, ಹೊಸಿಲಿಗೆ ಹೋಗಿ ನೀರು ಬಂತಾ ಎಂದು ನೋಡುತ್ತಾರೆ. ಆ ಹೊತ್ತಿಗೆ ಲೈಟು ಹಾಕಿ, ಜೊತೆಗೆ ಹೋಗಿ ನೀವೂ ಬಗ್ಗಿ ನೋಡಿ, "ನೆಲ ಒಣಗಿದೆ ದೊಡ್ಡಮ್ಮ, ಮುಟ್ಟಿ ನೋಡಿ" ಅನ್ನಿ. ಬುದ್ಧಿ ಹೇಳುವುದಕ್ಕಿಂತ ಇದು ಬೇಗ ತಾಗುತ್ತದೆ.

ಸುಮ್ನೆ ಕೂರಿಸಬೇಡಿ. "ನೀವು ಏನೂ ಮಾಡಬೇಡಿ, ಆರಾಮ ತೊಗೊಳ್ಳಿ" ಎಂಬ ಮಾತು ಅವರಿಗೆ ತಾವು ಬೇಡವಾದೆವು ಅಂತ ಕೇಳಿಸುತ್ತದೆ. ಬೆಳ್ಳುಳ್ಳಿ ಸುಲಿಯಲಿ, ಅಕ್ಕಿ ಆರಿಸಲಿ, ಹೂಬತ್ತಿ ಹೊಸೆಯಲಿ. ಹಿರಿಯ ಗಂಡಸರಿಗೆ ಹಂಚುವ ಸಾಮಾನಿನ ಲೆಕ್ಕ ಬರೆಯಲು ಕೊಡಿ. ಗಿರಣಿಯಲ್ಲಿ, ಹೋಟೆಲ್ಲಿನ ಗಲ್ಲೆಯಲ್ಲಿ ಜೀವಮಾನ ಲೆಕ್ಕ ಇಟ್ಟವರು ಅವರು, ನಮಗಿಂತ ಚೆನ್ನಾಗಿ ಇಡುತ್ತಾರೆ. ದೇವರ ಫೋಟೊ, ದೀಪ ಮೊದಲ ವಾರದಲ್ಲೇ ಗೋಡೆಗೆ ಬರಲಿ.

ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದೆ ಇದ್ದರೆ, ಅಥವಾ "ಆ ನೀರೇ ನನ್ನನ್ನು ಕರೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು" ಎಂಬ ಮಾತು ಒಂದು ಸಲ ಬಂದರೂ ಸರಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮೊಳೆಗೆ ನೇತುಹಾಕುವ ಚೀಲ

ಮುಂದಿನ ಜೂನ್ ಒಂದನೇ ತಾರೀಖಿನೊಳಗೆ ಇದನ್ನು ಮಾಡಿ. ಜಿಪ್ ಇರುವ ಒಂದು ಚೀಲ. ಒಳಗೆ ಹತ್ತು ದಿನದ ಮಾತ್ರೆ, ಚೀಟಿಯ ಪ್ರತಿ, ಹಳೇ ಕನ್ನಡಕ, ಕಿವಿ ಮಶೀನಿನ ಸೆಲ್, ಟಾರ್ಚ್, ಸೀಟಿ, ಸ್ವಲ್ಪ ಚಿಲ್ಲರೆ ಹಣ, ಒಂದು ಜೊತೆ ಒಣ ಬಟ್ಟೆ, ಸಕ್ಕರೆಯ ಪೊಟ್ಟಣ, ಕಾಗದಗಳು ಪ್ಲಾಸ್ಟಿಕ್ಕಿನಲ್ಲಿ, ಮರಾಠಿಯಲ್ಲಿ ಬರೆದ ಆ ಚೀಟಿ. ತಲೆಯ ಎತ್ತರದ ಮೊಳೆಗೆ, ಆದರೆ ಅವರ ಕೈಗೆ ಎಟಕುವಂತೆ ನೇತುಹಾಕಿ. ಪಾಲಿಕೆಯವರು ಪ್ರತಿ ವರ್ಷ ಸಮುದ್ರದ ದೊಡ್ಡ ಭರತಿಯ (ಉಬ್ಬರದ) ದಿನಗಳ ಪಟ್ಟಿ ಕೊಡುತ್ತಾರೆ. ನಾಲ್ಕೂವರೆ ಮೀಟರಿಗಿಂತ ಎತ್ತರದ ಭರತಿ ಇರುವ ಹೊತ್ತಿಗೆ ಜೋರು ಮಳೆಯೂ ಬಂದರೆ ನಾಲೆಯ ನೀರು ಸಮುದ್ರಕ್ಕೆ ಇಳಿಯದೆ ನಮ್ಮ ಕಡೆಗೇ ತಿರುಗುತ್ತದೆ. ಆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕಿ, ಅವತ್ತು ಬೆಳಗ್ಗೆ ಫೋನ್ ಮಾಡಿ.

2017ರ ಆಗಸ್ಟ್ 29ರಂದು ಮತ್ತೆ ಮುಂಬಯಿ ಮುಳುಗಿತು. ದೊಡ್ಡಮ್ಮನಿಗೆ ಆಗ 82. ಚಾಳಿನ ಅಂಗಳಕ್ಕೆ ನೀರು ಬಂದಾಗ ಫೋನ್ ಮಾಡಿದೆ. ಅವರಾಗಲೇ ಚೀಲ ಇಳಿಸಿಕೊಂಡು ಮೇಲಿನ ಮನೆಯಲ್ಲಿ ಕೂತಿದ್ದರು. "ಹಲ್ಲಿನ ಸೆಟ್ಟು?" ಅಂದೆ.

"ಬಾಯಲ್ಲೇ ಇದೆ ಮಗಾ. ಕಾಕು ಕೊಟ್ಟ ಭಾಕ್ರಿ ತಿನ್ನುತ್ತಾ ಇದ್ದೇನೆ."